ಹೊಟ್ಟೆಯಲ್ಲಿರುವ ಮಗುವಿನ ಹೃದಯ: ತೊಂದರೆ ಯಾವಾಗ ಗೊತ್ತಾಗುತ್ತದೆ, ಗೊತ್ತಾದರೆ ಏನು ಮಾಡಬಹುದು?

ಐದನೇ ತಿಂಗಳ ಸ್ಕ್ಯಾನಿಂಗ್ ಮುಗಿದಿರುತ್ತದೆ. ರಿಪೋರ್ಟಿನ ಕೊನೆಯಲ್ಲಿ "ಫೀಟಲ್ ಎಕೋ ಮಾಡಿಸಿ", ಅಂದರೆ ಮಗುವಿನ ಹೃದಯವನ್ನಷ್ಟೇ ನೋಡುವ ಸ್ಕ್ಯಾನ್ ಮಾಡಿಸಿ, ಎಂಬ ಸಾಲು. ಇಲ್ಲವೇ ಹೆರಿಗೆಯಾದ ಮಾರನೇ ದಿನ ಮಕ್ಕಳ ಡಾಕ್ಟರ್ ಸ್ಟೆತಾಸ್ಕೋಪ್ ಇಟ್ಟು ನೋಡಿ, "ಎದೆಯಲ್ಲಿ ಒಂದು ಸದ್ದು ಕೇಳ್ತಿದೆ, ಎಕೋ ಮಾಡಿಸಿಬಿಡೋಣ" ಅನ್ನುತ್ತಾರೆ. ಮೈಸೂರು, ಮಂಡ್ಯದ ಎಷ್ಟೋ ಮನೆಗಳಿಗೆ ಈ ವಿಷಯ ಹೀಗೆ ದಿಢೀರನೆ ಬರುತ್ತದೆ. ಮನೆಯವರಿಗೆ ಕೇಳಿಸುವುದು ಒಂದೇ ಮಾತು: ಮಗುವಿನ ಹೃದಯದಲ್ಲಿ ತೊಂದರೆ. ಅದು ಚಿಕ್ಕದೋ ದೊಡ್ಡದೋ, ತಾನಾಗಿ ಹೋಗುವಂಥದ್ದೋ, ತಕ್ಷಣ ಬೆಂಗಳೂರಿಗೆ ಓಡಬೇಕಾದದ್ದೋ ಎಂದು ಬಿಡಿಸಿ ಹೇಳುವವರು ಆ ಹೊತ್ತಿನಲ್ಲಿ ಸಿಗುವುದು ಕಷ್ಟ.

ಇದು ಅಪರೂಪದ ಸಮಸ್ಯೆಯೇನೂ ಅಲ್ಲ. ಹುಟ್ಟುವ ಪ್ರತಿ ಸಾವಿರ ಮಕ್ಕಳಲ್ಲಿ ಸುಮಾರು 8ರಿಂದ 10 ಮಕ್ಕಳ ಹೃದಯದ ರಚನೆಯಲ್ಲಿ ಏನಾದರೊಂದು ಲೋಪ ಇರುತ್ತದೆ. ಭಾರತದಲ್ಲಿ ವರ್ಷಕ್ಕೆ ಇಂಥ ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳು ಹುಟ್ಟುತ್ತಾರೆ ಎಂಬ ಅಂದಾಜಿದೆ. ಅವರಲ್ಲಿ ಸುಮಾರು ಐದರಲ್ಲಿ ಒಂದು ಮಗುವಿಗೆ ಮೊದಲ ವರ್ಷದೊಳಗೇ ಚಿಕಿತ್ಸೆ ಬೇಕಾಗುತ್ತದೆ. ಉಳಿದವರಲ್ಲಿ ಹಲವರಿಗೆ ಸಮಯವಿರುತ್ತದೆ. ಕೆಲವರಿಗೆ ಏನೂ ಮಾಡಬೇಕಾಗುವುದೇ ಇಲ್ಲ. ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ "ಯಾವ ಬಗೆಯದು?" ಎನ್ನುವುದು. ಎರಡನೆಯದು "ಎಷ್ಟು ಸಮಯ ಇದೆ?" ಎನ್ನುವುದು.

ಹೃದಯ ಮೂಡುವುದು ಎರಡು ಮೂರು ತಿಂಗಳೊಳಗೆ

ಡಾಕ್ಟರುಗಳು ಗರ್ಭದ ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಆ ಲೆಕ್ಕದಲ್ಲಿ ಆರನೇ ವಾರದ ಹೊತ್ತಿಗೆ ಮಗುವಿನ ಹೃದಯ ಬಡಿಯಲು ಶುರು ಮಾಡಿರುತ್ತದೆ. ಆಗ ಅದು ನಾಲ್ಕು ಕೋಣೆಗಳ ಹೃದಯವಲ್ಲ, ಬರೀ ಒಂದು ಕೊಳವೆ. ಆ ಕೊಳವೆ ಬಡಿಯುತ್ತಲೇ ಬಾಗುತ್ತದೆ, ತಿರುಚಿಕೊಳ್ಳುತ್ತದೆ. ಒಳಗೆ ಗೋಡೆಗಳು ಎದ್ದು ಎಡ ಬಲ ಬೇರೆಯಾಗುತ್ತವೆ. ಹೊರಗೆ ಹೋಗುವ ಒಂದೇ ದೊಡ್ಡ ನಾಳ ಸುರುಳಿಯಾಗಿ ಸೀಳಿಕೊಂಡು ಎರಡಾಗುತ್ತದೆ. ಒಂದು ಇಡೀ ದೇಹಕ್ಕೆ ರಕ್ತ ಒಯ್ಯುವ ಮಹಾಧಮನಿ, ಇನ್ನೊಂದು ಶ್ವಾಸಕೋಶಕ್ಕೆ ಹೋಗುವ ನಾಳ. ಹತ್ತನೇ ವಾರದ ಹೊತ್ತಿಗೆ ಹೃದಯದ ಮುಖ್ಯ ರಚನೆಯೆಲ್ಲ ಮುಗಿದಿರುತ್ತದೆ.

ಗೋಡೆ ಪೂರ್ತಿ ಏಳದಿದ್ದರೆ ರಂಧ್ರ ಉಳಿಯುತ್ತದೆ. ನಾಳ ಸರಿಯಾಗಿ ತಿರುಚಿಕೊಳ್ಳದಿದ್ದರೆ ಎರಡು ನಾಳಗಳೂ ಅದಲು ಬದಲಾಗುತ್ತವೆ. ಕವಾಟ ಬಿಡಿಸಿಕೊಳ್ಳದಿದ್ದರೆ ದಾರಿ ಕಿರಿದಾಗುತ್ತದೆ.

ಇದರಿಂದ ತಾಯಂದಿರು ತಿಳಿಯಬೇಕಾದ ಒಂದು ಮುಖ್ಯ ಸಂಗತಿ ಇದೆ. ಗರ್ಭಿಣಿ ಎಂದು ಖಚಿತವಾಗಿ, ಆಶಾ ಕಾರ್ಯಕರ್ತೆಗೆ ಹೇಳಿ, ತಾಯಿ ಕಾರ್ಡ್ ಮಾಡಿಸುವಷ್ಟರಲ್ಲಿ ಮಗುವಿನ ಹೃದಯದ ಬಹುಪಾಲು ಕೆಲಸ ಆಗಿಹೋಗಿರುತ್ತದೆ. ಆರನೇ ತಿಂಗಳಲ್ಲಿ ಪರಂಗಿ ಹಣ್ಣು ತಿಂದದ್ದು, ಗ್ರಹಣದ ದಿನ ಹೊರಗೆ ಬಂದದ್ದು, ಭಾರ ಎತ್ತಿದ್ದು ಇವುಗಳಿಂದ ಹೃದಯದಲ್ಲಿ ತೂತು ಬೀಳುವುದಿಲ್ಲ. ಹೊಸದಾಗಿ ಹೆತ್ತವಳನ್ನು ಈ ಮಾತುಗಳಿಂದ ಚುಚ್ಚುವುದನ್ನು ನಮ್ಮ ಮನೆಗಳಲ್ಲಿ ಇನ್ನೂ ಬಿಟ್ಟಿಲ್ಲ. ಅದು ತಪ್ಪು ಮಾತ್ರವಲ್ಲ, ಕ್ರೂರ ಕೂಡ.

ಹೊಟ್ಟೆಯೊಳಗೆ ರಕ್ತದ ದಾರಿಯೇ ಬೇರೆ

"ಇಷ್ಟು ದೊಡ್ಡ ತೊಂದರೆ ಇದ್ದರೆ ಹೊಟ್ಟೆಯಲ್ಲಿ ಒಂಬತ್ತು ತಿಂಗಳು ಮಗು ಚೆನ್ನಾಗಿ ಹೇಗೆ ಬೆಳೆಯಿತು?" ಎಲ್ಲರೂ ಕೇಳುವ ಪ್ರಶ್ನೆ ಇದು. ಇದಕ್ಕೆ ಉತ್ತರ ತಿಳಿದರೆ ಮುಂದಿನದೆಲ್ಲ ಸುಲಭ.

ವಿಶ್ವೇಶ್ವರಯ್ಯ ನಾಲೆಯ ನೀರು ನೋಡಿ ಬೆಳೆದ ಮಂಡ್ಯದವರಿಗೆ ಇದನ್ನು ಹೀಗೆ ಹೇಳಬಹುದು. ಒಂದು ಬಯಲಿನಲ್ಲಿ ಇನ್ನೂ ನಾಟಿ ಶುರುವಾಗಿಲ್ಲ ಅಂದರೆ ಅತ್ತ ನೀರು ಹರಿಸಿ ಪ್ರಯೋಜನವಿಲ್ಲ. ಆ ತೂಬು ಮುಚ್ಚಿ, ನೀರನ್ನು ಬೇರೆ ಕಾಲುವೆಯಿಂದ ಮುಂದಿನ ಗದ್ದೆಗಳಿಗೆ ಬಿಡುತ್ತಾರೆ. ನಾಟಿ ಶುರುವಾದ ದಿನ ತೂಬು ತೆಗೆಯುತ್ತಾರೆ, ಅಡ್ಡ ಕಾಲುವೆ ಮುಚ್ಚುತ್ತಾರೆ.

ಹೊಟ್ಟೆಯೊಳಗಿನ ಮಗುವಿನ ಶ್ವಾಸಕೋಶ ಹಾಗೆ ನಾಟಿಯಾಗದ ಬಯಲು. ಮಗು ಅಲ್ಲಿ ಉಸಿರಾಡುವುದಿಲ್ಲ. ಆಮ್ಲಜನಕ ಬರುವುದು ಮಾಸಿನಿಂದ, ಹೊಕ್ಕುಳಬಳ್ಳಿಯ ಮೂಲಕ. ಆದ್ದರಿಂದ ರಕ್ತ ಶ್ವಾಸಕೋಶವನ್ನು ಬಳಸಿಕೊಂಡು ಹೋಗಲು ಪ್ರಕೃತಿ ಎರಡು ಅಡ್ಡದಾರಿ ಇಟ್ಟಿದೆ. ಒಂದು, ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿರುವ ಕಿಂಡಿ. ಇನ್ನೊಂದು, ಶ್ವಾಸಕೋಶದ ನಾಳವನ್ನೂ ಮಹಾಧಮನಿಯನ್ನೂ ಸೇರಿಸುವ ಸಣ್ಣ ನಾಳ. ಡಾಕ್ಟರುಗಳು ಇದನ್ನು ಡಕ್ಟಸ್ ಅನ್ನುತ್ತಾರೆ.

ಮಗು ಹುಟ್ಟಿ ಮೊದಲ ಸಲ ಅತ್ತಾಗ ಶ್ವಾಸಕೋಶ ಗಾಳಿ ತುಂಬಿಕೊಂಡು ಅರಳುತ್ತದೆ. ರಕ್ತ ಅತ್ತ ನುಗ್ಗುತ್ತದೆ. ಎಡಭಾಗದ ಒತ್ತಡ ಏರಿ ಕಿಂಡಿಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಡಕ್ಟಸ್ ಸಾಮಾನ್ಯವಾಗಿ ಮೊದಲ ಎರಡು ಮೂರು ದಿನಗಳಲ್ಲಿ ಬಿಗಿದುಕೊಳ್ಳುತ್ತದೆ.

ಅಪಾಯ ಅಡಗಿರುವುದು ಇಲ್ಲೇ. ಕೆಲವು ಮಕ್ಕಳಲ್ಲಿ ಮುಖ್ಯ ದಾರಿಯೇ ಕಟ್ಟಿರುತ್ತದೆ. ಡಕ್ಟಸ್ ತೆರೆದಿರುವವರೆಗೆ ಅವರಿಗೆ ರಕ್ತ ಹೇಗೋ ಸುತ್ತಿಕೊಂಡು ತಲುಪುತ್ತದೆ. ಹುಟ್ಟಿದಾಗ ಮಗು ಕೆಂಪಗೆ, ದುಂಡಗೆ, ಜೋರಾಗಿ ಅಳುತ್ತಾ ಇರುತ್ತದೆ. ಎರಡನೇ ದಿನವೋ ಮೂರನೇ ದಿನವೋ, ಕೆಲವೊಮ್ಮೆ ಡಿಸ್ಚಾರ್ಜ್ ಆಗಿ ಮನೆಗೆ ಹೋದ ಮೇಲೆ, ಡಕ್ಟಸ್ ಮುಚ್ಚುತ್ತದೆ. ಆಗ ಮಗು ಏಕಾಏಕಿ ಮಂಕಾಗುತ್ತದೆ, ನೀಲಿಯಾಗುತ್ತದೆ, ಹಾಲು ಬಿಡುತ್ತದೆ. ಕಳೆದ ಎಂಬತ್ತು ವರ್ಷಗಳ ಸಂಶೋಧನೆಯಲ್ಲಿ ದೊಡ್ಡ ಪಾಲು ಈ ಕೆಲವು ದಿನಗಳನ್ನು ಗೆಲ್ಲಲು ನಡೆದಿದೆ.

ತೂತು, ಕಿರಿದಾದ ದಾರಿ, ಅದಲುಬದಲಾದ ನಾಳ

ಅತಿ ಸಾಮಾನ್ಯವಾದದ್ದು ಕೆಳಗಿನ ಎರಡು ಕೋಣೆಗಳ ನಡುವಿನ ರಂಧ್ರ. ರಿಪೋರ್ಟಿನಲ್ಲಿ ಇದು ವಿಎಸ್‌ಡಿ. ಮೇಲಿನ ಕೋಣೆಗಳ ನಡುವೆ ಇದ್ದರೆ ಎಎಸ್‌ಡಿ. ಡಕ್ಟಸ್ ಮುಚ್ಚದೇ ಉಳಿದರೆ ಪಿಡಿಎ. ಈ ಮೂರರಲ್ಲೂ ಶುದ್ಧ ರಕ್ತ ಎಡದಿಂದ ಬಲಕ್ಕೆ ಸೋರಿ, ಶ್ವಾಸಕೋಶಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ರಕ್ತ ಹೋಗುತ್ತದೆ. ಮಗು ನೀಲಿಯಾಗುವುದಿಲ್ಲ. ಆದರೆ ಉಸಿರು ವೇಗವಾಗುತ್ತದೆ, ಪದೇ ಪದೇ ಕಫ, ನ್ಯುಮೋನಿಯಾ ಬರುತ್ತದೆ, ತೂಕ ಏರುವುದಿಲ್ಲ. ಸಣ್ಣ ವಿಎಸ್‌ಡಿಗಳಲ್ಲಿ ಬಹಳಷ್ಟು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. "ತೂತು" ಎಂದ ಕೂಡಲೇ ಆಪರೇಷನ್ ಎಂದುಕೊಳ್ಳಬೇಕಿಲ್ಲ.

ದೊಡ್ಡ ರಂಧ್ರದ ಮಾತು ಬೇರೆ. ಅದನ್ನು "ಮಗು ಸ್ವಲ್ಪ ದೊಡ್ಡದಾಗಲಿ" ಎಂದು ವರ್ಷಗಟ್ಟಲೆ ಮುಂದೂಡಿದರೆ ಶ್ವಾಸಕೋಶದ ನಾಳಗಳು ಆ ಒತ್ತಡಕ್ಕೆ ಗಟ್ಟಿಯಾಗಿಬಿಡುತ್ತವೆ. ಒಂದು ಹಂತ ದಾಟಿದ ಮೇಲೆ ರಂಧ್ರ ಮುಚ್ಚಲು ಆಗುವುದೇ ಇಲ್ಲ, ಮುಚ್ಚಿದರೆ ಜೀವಕ್ಕೇ ಅಪಾಯ. ದೊಡ್ಡ ವಿಎಸ್‌ಡಿಯನ್ನು ಕೆಲವೇ ತಿಂಗಳ ಕೂಸಿನಲ್ಲೇ ಮುಚ್ಚಲು ಡಾಕ್ಟರುಗಳು ಅವಸರ ಮಾಡುವುದು ಇದಕ್ಕಾಗಿ.

ನೀಲಿ ಮಕ್ಕಳ ಗುಂಪು ಇನ್ನೊಂದು. ಫ್ರಾನ್ಸಿನ ವೈದ್ಯ ಫಾಲೋ 1888ರಲ್ಲಿ ವಿವರಿಸಿದ ನಾಲ್ಕು ದೋಷಗಳ ಜೋಡಣೆಗೆ ಅವರದೇ ಹೆಸರಿದೆ, ಟೆಟ್ರಾಲಜಿ ಆಫ್ ಫಾಲೋ. ಇದರಲ್ಲಿ ರಂಧ್ರದ ಜೊತೆಗೆ ಶ್ವಾಸಕೋಶಕ್ಕೆ ಹೋಗುವ ದಾರಿಯೂ ಕಿರಿದು. ಆಮ್ಲಜನಕ ಇಲ್ಲದ ರಕ್ತ ದೇಹಕ್ಕೆ ಸೇರುತ್ತದೆ. ಎರಡು ಮುಖ್ಯ ನಾಳಗಳೇ ಅದಲುಬದಲಾಗುವುದು ಟಿಜಿಎ. ಹೃದಯದ ಎಡಭಾಗ ಬೆಳೆಯದೇ ಉಳಿಯುವುದು ಎಲ್ಲಕ್ಕಿಂತ ಕಠಿಣವಾದವುಗಳಲ್ಲಿ ಒಂದು.

ಸ್ಕ್ಯಾನಿಂಗ್‌ಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ

ಹದಿನೆಂಟರಿಂದ ಇಪ್ಪತ್ತೆರಡನೇ ವಾರದ ನಡುವೆ ಮಾಡುವುದು ಅನಾಮಲಿ ಸ್ಕ್ಯಾನ್. ಮಗುವಿನ ಇಡೀ ದೇಹ ನೋಡುವಾಗ ಹೃದಯದ ನಾಲ್ಕು ಕೋಣೆಗಳನ್ನೂ ಹೊರಗೆ ಹೋಗುವ ಎರಡು ನಾಳಗಳನ್ನೂ ನೋಡುತ್ತಾರೆ. ನಾಲ್ಕು ಕೋಣೆ ಮಾತ್ರ ನೋಡಿ ಬಿಟ್ಟರೆ ಟಿಜಿಎಯಂಥ ದೊಡ್ಡ ದೋಷವೇ ತಪ್ಪಿಹೋಗಬಹುದು, ಏಕೆಂದರೆ ಅಲ್ಲಿ ಕೋಣೆಗಳೆಲ್ಲ ಚೆನ್ನಾಗಿಯೇ ಕಾಣುತ್ತವೆ.

ಅನುಮಾನ ಬಂದರೆ ಫೀಟಲ್ ಎಕೋ. ಇದೂ ಹೊಟ್ಟೆಯ ಮೇಲಿಂದಲೇ ಮಾಡುವ ಅಲ್ಟ್ರಾಸೌಂಡ್. ಆದರೆ ಹೃದಯವನ್ನಷ್ಟೇ, ನಿಧಾನವಾಗಿ, ರಕ್ತ ಯಾವ ಕಡೆ ಎಷ್ಟು ವೇಗದಲ್ಲಿ ಹರಿಯುತ್ತಿದೆ ಎಂಬುದರ ಸಮೇತ ನೋಡುತ್ತಾರೆ. ತಾಯಿಗೆ ಮೊದಲೇ ಸಕ್ಕರೆ ಕಾಯಿಲೆ ಇದ್ದರೆ, ಅಪ್ಪ ಅಮ್ಮ ಅಥವಾ ಹಿಂದಿನ ಮಗುವಿಗೆ ಹುಟ್ಟಿನಿಂದ ಹೃದಯದ ತೊಂದರೆ ಇದ್ದರೆ, ಮೂರನೇ ತಿಂಗಳ ಸ್ಕ್ಯಾನಿನಲ್ಲಿ ಮಗುವಿನ ಕತ್ತಿನ ಹಿಂದಿನ ನೀರಿನ ಪದರ ದಪ್ಪಗಿದ್ದರೆ ಇದನ್ನು ಮಾಡಿಸಲು ಹೇಳುತ್ತಾರೆ. ಹೇಳಿದ ಮಾತ್ರಕ್ಕೆ ತೊಂದರೆ ಇದೆ ಎಂದಲ್ಲ. ಹಾಗೆ ಕಳಿಸಿದ ಬಹುಪಾಲು ಮಕ್ಕಳ ಹೃದಯ ಸರಿಯಾಗಿಯೇ ಇರುತ್ತದೆ.

ಸ್ಕ್ಯಾನ್ ನಾರ್ಮಲ್ ಬಂದಿದ್ದರೂ ಹುಟ್ಟಿದ ಮೇಲೆ ತೊಂದರೆ ಸಿಗುವುದುಂಟು. ಎಎಸ್‌ಡಿ, ಪಿಡಿಎಗಳನ್ನು ಹೊಟ್ಟೆಯಲ್ಲಿರುವಾಗ ಹೇಳಲಾಗದು, ಆಗ ಆ ಎರಡು ದಾರಿಗಳೂ ತೆರೆದಿರಲೇಬೇಕಲ್ಲ. ಸಣ್ಣ ವಿಎಸ್‌ಡಿಯೂ ಕಣ್ಣಿಗೆ ಬೀಳದಿರಬಹುದು. ಸ್ಕ್ಯಾನ್ ಮಾಡಿದವರೆಲ್ಲ ನಿರ್ಲಕ್ಷ್ಯ ಮಾಡಿದರು ಎಂದು ಸುಮ್ನೆ ತೀರ್ಮಾನಿಸುವಂತಿಲ್ಲ.

ಇನ್ನೊಂದು ಮಾತು, ನಮ್ಮ ಭಾಗಕ್ಕೆ ಹೇಳಲೇಬೇಕಾದದ್ದು. ಗಂಡೋ ಹೆಣ್ಣೋ ಎಂದು ತಿಳಿಯಲು ಸ್ಕ್ಯಾನ್ ಬಳಸುವುದು 1994ರ ಕಾಯ್ದೆಯಂತೆ ಅಪರಾಧ. ಸ್ಕ್ಯಾನಿಂಗ್ ಸೆಂಟರಿನಲ್ಲಿ ಗುರುತಿನ ಚೀಟಿ, ಸಹಿ, ಫಾರಂ ಎಲ್ಲ ಕೇಳುವುದು ಅದಕ್ಕೇ. ಮಗುವಿನ ಹೃದಯ ನೋಡುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಈ ಕ್ಷೇತ್ರದಲ್ಲಿ ಈಗ ಕಂಪ್ಯೂಟರ್ ನೆರವೂ ಬರುತ್ತಿದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 1,07,823 ಸ್ಕ್ಯಾನ್ ಚಿತ್ರಗಳನ್ನು ತೋರಿಸಿ ಕಂಪ್ಯೂಟರಿಗೆ ತರಬೇತಿ ಕೊಟ್ಟರು. ಮಗುವಿನ ಹೃದಯ ಸರಿಯಿದೆಯೋ ಇಲ್ಲವೋ ಎಂದು ಅದು ತಜ್ಞರಿಗೆ ಸಮನಾಗಿ ಗುರುತಿಸಿದ್ದನ್ನು 2021ರಲ್ಲಿ ಪ್ರಕಟಿಸಿದರು. ಮಕ್ಕಳ ಹೃದಯ ತಜ್ಞರು ಕೆಲವೇ ಊರುಗಳಲ್ಲಿರುವ ನಮ್ಮಂಥ ಕಡೆ ಇಂಥದ್ದು ಎಷ್ಟು ಉಪಯೋಗಕ್ಕೆ ಬರಬಹುದು, ಅಲ್ವಾ?

ಹುಟ್ಟಿದ ಮಾರನೇ ದಿನ, ಒಂದು ಕೈ ಒಂದು ಕಾಲು

ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುತ್ತಿದ್ದ ಪಲ್ಸ್ ಆಕ್ಸಿಮೀಟರ್ ಎಲ್ಲರಿಗೂ ಗೊತ್ತು. ಎಳೆ ಮಗುವಿಗೆ ಬೇಕಾದ ಸೆನ್ಸರ್ ಬೇರೆ, ಕೆಲಸ ಅದೇ. ಮಗು ಹುಟ್ಟಿ 24 ಗಂಟೆ ಕಳೆದ ಮೇಲೆ ಬಲಗೈ ಮತ್ತು ಒಂದು ಕಾಲಿನಲ್ಲಿ ಆಮ್ಲಜನಕದ ಮಟ್ಟ ನೋಡುತ್ತಾರೆ. 95 ಅಥವಾ ಅದಕ್ಕಿಂತ ಮೇಲಿದ್ದು, ಕೈ ಕಾಲಿನ ನಡುವೆ 3ಕ್ಕಿಂತ ಹೆಚ್ಚು ವ್ಯತ್ಯಾಸ ಇಲ್ಲದಿದ್ದರೆ ಸರಿ. 90ಕ್ಕಿಂತ ಕೆಳಗಿದ್ದರೆ ಕೂಡಲೇ ತಪಾಸಣೆ. ನಡುವೆ ಇದ್ದರೆ ಮತ್ತೆ ಅಳೆಯುತ್ತಾರೆ. ಬಲಗೈಗೇ ಏಕೆ? ಅಲ್ಲಿಗೆ ಹೋಗುವ ರಕ್ತ ಡಕ್ಟಸ್ ಸೇರುವ ಜಾಗಕ್ಕಿಂತ ಮೊದಲೇ ಕವಲೊಡೆಯುತ್ತದೆ. ಕಾಲಿಗೆ ಹೋಗುವುದು ಆಮೇಲಿನದು. ಎರಡರಲ್ಲಿ ವ್ಯತ್ಯಾಸ ಇದ್ದರೆ ದೇಹದ ಕೆಳಭಾಗಕ್ಕೆ ಡಕ್ಟಸ್ ಮೂಲಕ ಅಶುದ್ಧ ರಕ್ತ ಹೋಗುತ್ತಿದೆ ಎಂದರ್ಥ.

2012ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ 2,29,421 ನವಜಾತ ಶಿಶುಗಳ ಮಾಹಿತಿಯನ್ನು ಒಟ್ಟುಗೂಡಿಸಿತು. ಗಂಭೀರ ಹೃದಯ ದೋಷವಿರುವ ನೂರು ಮಕ್ಕಳಲ್ಲಿ ಸುಮಾರು 76 ಮಕ್ಕಳನ್ನು ಈ ನೋವಿಲ್ಲದ ಪರೀಕ್ಷೆ ಹಿಡಿಯುತ್ತದೆ, ಸುಳ್ಳು ಎಚ್ಚರಿಕೆ ಬಹಳ ಕಡಿಮೆ ಎಂದು ಅದು ತೋರಿಸಿತು. ಡಿಸ್ಚಾರ್ಜ್ ಆಗುವ ಮುಂಚೆ "ಮಗುವಿಗೆ ಆಕ್ಸಿಜನ್ ಚೆಕ್ ಮಾಡಿದ್ರಾ?" ಎಂದು ಯಾರು ಬೇಕಾದರೂ ಕೇಳಬಹುದು. ಕೇಳಿ.

ತೊಂದರೆ ಇದೆ ಎಂದು ತಿಳಿದರೆ ಡಕ್ಟಸ್ ಮುಚ್ಚದಂತೆ ತಡೆಯುವ ಔಷಧಿ ಇದೆ. 1970ರ ದಶಕದ ನಡುಭಾಗದಿಂದ ಬಳಕೆಗೆ ಬಂದ ಪ್ರೊಸ್ಟಾಗ್ಲಾಂಡಿನ್ ಇದು. ಡ್ರಿಪ್‌ನಲ್ಲಿ ಕೊಡುತ್ತಾ ಇದ್ದರೆ ಮಗುವನ್ನು ದೊಡ್ಡ ಆಸ್ಪತ್ರೆಗೆ ಸಾಗಿಸುವಷ್ಟು ಸಮಯ ಸಿಗುತ್ತದೆ. ಮಂಡ್ಯದಿಂದ ಬೆಂಗಳೂರಿಗೆ ಸುಮಾರು ನೂರು ಕಿಲೋಮೀಟರ್. ಹೈವೇ ಎಷ್ಟು ಚೆನ್ನಾಗಿದ್ದರೂ ಡಕ್ಟಸ್ ಮುಚ್ಚಿಹೋದ ಮಗುವಿಗೆ ಅದು ದೂರದ ದಾರಿ. ದೋಷ ಹೊಟ್ಟೆಯಲ್ಲಿದ್ದಾಗಲೇ ಗೊತ್ತಾಗಿದ್ದರೆ ಹೆರಿಗೆಯನ್ನೇ ಹೃದಯ ಚಿಕಿತ್ಸೆ ಇರುವ ಊರಿನಲ್ಲಿ ಮಾಡಿಸಬಹುದು. ಐದನೇ ತಿಂಗಳ ಸ್ಕ್ಯಾನಿನ ದೊಡ್ಡ ಲಾಭ ಇದೇ.

ಕಾರಣ ಏನು? ಮೈಸೂರಿನ ಸಂಶೋಧನೆ ಏನು ಹೇಳುತ್ತದೆ?

ಬಹುಪಾಲು ಮಕ್ಕಳಲ್ಲಿ ಒಂದೇ ಕಾರಣ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಆದರೆ ಅಪಾಯ ಹೆಚ್ಚಿಸುವ ಕೆಲವು ಸಂಗತಿಗಳು ಖಚಿತವಾಗಿ ಗೊತ್ತಾಗಿವೆ.

ರುಬೆಲ್ಲಾ ಎಂಬ ವೈರಸ್ ಸೋಂಕು ಅವುಗಳಲ್ಲಿ ಹಳೆಯದು. ಆಸ್ಟ್ರೇಲಿಯಾದ ಕಣ್ಣಿನ ಡಾಕ್ಟರ್ ನಾರ್ಮನ್ ಗ್ರೆಗ್ 1941ರಲ್ಲಿ ಒಂದು ವಿಷಯ ಗಮನಿಸಿದರು. ಕಣ್ಣಿನ ಪೊರೆಯೊಂದಿಗೆ ಹುಟ್ಟಿದ ಮಕ್ಕಳ ತಾಯಂದಿರಿಗೆ ಗರ್ಭದ ಆರಂಭದಲ್ಲಿ ರುಬೆಲ್ಲಾ ಬಂದಿತ್ತು. ಆ ಮಕ್ಕಳಲ್ಲಿ ಅನೇಕರಿಗೆ ಹೃದಯದ ದೋಷವೂ ಇತ್ತು. ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಡೆಯಿತು, ನೆನಪಿರಬಹುದು. ಶಾಲೆಯಲ್ಲಿ ಹುಡುಗ ಹುಡುಗಿಯರಿಗೆ ಚುಚ್ಚಿದ ಆ ಸೂಜಿ ಮುಂದೆ ಹುಟ್ಟುವ ಮಕ್ಕಳ ಹೃದಯವನ್ನೂ ಕಾಯುತ್ತದೆ. ಲಸಿಕೆ ಆಗದಿರುವ ಹೆಣ್ಣುಮಕ್ಕಳು ಗರ್ಭ ಧರಿಸುವ ಕನಿಷ್ಠ ಒಂದು ತಿಂಗಳು ಮೊದಲೇ ಹಾಕಿಸಿಕೊಳ್ಳಬೇಕು. ಗರ್ಭಿಣಿಯಾದ ಮೇಲೆ ಕೊಡುವಂತಿಲ್ಲ.

ಎರಡನೆಯದು ಸಕ್ಕರೆ ಕಾಯಿಲೆ. ಗರ್ಭ ನಿಲ್ಲುವ ಮೊದಲೇ ಇರುವ, ಹತೋಟಿಯಲ್ಲಿಲ್ಲದ ಸಕ್ಕರೆ ಮಗುವಿನ ಹೃದಯ ದೋಷದ ಸಾಧ್ಯತೆಯನ್ನು ಮೂರು ನಾಲ್ಕು ಪಟ್ಟು ಏರಿಸುತ್ತದೆ. ಆರನೇ ತಿಂಗಳ ಹೊತ್ತಿಗೆ ಕಾಣಿಸಿಕೊಳ್ಳುವ ಗರ್ಭದ ಸಕ್ಕರೆ ಬೇರೆ. ಆಗ ಹೃದಯ ಮೂಡಿ ಮುಗಿದಿರುತ್ತದೆ. ಇಲ್ಲಿ ಮೈಸೂರಿನ ಹೆಸರು ಬರುತ್ತದೆ. ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ನಮ್ಮ ಜನ ಮಿಷನ್ ಆಸ್ಪತ್ರೆ ಅನ್ನುವಲ್ಲಿ, 1997-98ರಲ್ಲಿ ಶುರುವಾದ ಪಾರ್ಥೆನಾನ್ ಅಧ್ಯಯನ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು ಆರು ಮಂದಿಗೆ ಗರ್ಭದ ಸಕ್ಕರೆ ಇದೆ ಎಂದು ಕಂಡಿತು. ಅವರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಅದೇ ಆಸ್ಪತ್ರೆಯ ಹಳೇ ಹೆರಿಗೆ ದಾಖಲೆ ಹಿಡಿದು, 1934ರಿಂದ 1954ರ ನಡುವೆ ಹುಟ್ಟಿದವರನ್ನು ಹುಡುಕಿ, ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ದೊಡ್ಡವರಾದ ಮೇಲೆ ಹೃದಯದ ರಕ್ತನಾಳದ ಕಾಯಿಲೆ ಹೆಚ್ಚು ಎಂದು ತೋರಿಸಿದ ಅಧ್ಯಯನವೂ ಇದೆ. ಅದು ಹುಟ್ಟಿನಿಂದ ಬರುವ ದೋಷವಲ್ಲ, ಹಾರ್ಟ್ ಅಟ್ಯಾಕ್ ತರುವ ಕಾಯಿಲೆ. ಎರಡನ್ನೂ ಬೆರೆಸಬಾರದು.

ಮೂರನೆಯದು ರಕ್ತಸಂಬಂಧದ ಮದುವೆ. ಸೋದರಮಾವ, ಅತ್ತೆ ಮಗ, ಮಾವನ ಮಗಳು ಇವರೊಂದಿಗೆ ಮದುವೆ ನಮ್ಮಲ್ಲಿ ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದ ಸಂಶೋಧಕರು ಹೃದಯ ದೋಷವಿರುವ ಮಕ್ಕಳನ್ನೂ ಇಲ್ಲದವರನ್ನೂ ಹೋಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೋಷವಿರುವ ಮಕ್ಕಳ ತಂದೆತಾಯಿಗಳಲ್ಲಿ ರಕ್ತಸಂಬಂಧ ಹೆಚ್ಚಾಗಿ ಕಂಡಿತು. ಹೇಗೆ? ಪ್ರತಿಯೊಬ್ಬರಲ್ಲೂ ಕೆಲವು ದೋಷವಿರುವ ಜೀನ್‌ಗಳು ಸುಪ್ತವಾಗಿರುತ್ತವೆ. ಜೊತೆಗಿರುವ ಇನ್ನೊಂದು ಪ್ರತಿ ಸರಿಯಿದ್ದರೆ ತೊಂದರೆಯಿಲ್ಲ. ಒಂದೇ ಮನೆತನದ ಇಬ್ಬರಲ್ಲಿ ಅದೇ ದೋಷ ಇರುವ ಸಾಧ್ಯತೆ ಜಾಸ್ತಿ, ಮಗುವಿಗೆ ಎರಡೂ ಕಡೆಯಿಂದ ಅದೇ ಬರಬಹುದು. ಆದರೂ ಸಂಬಂಧದಲ್ಲಿ ಮದುವೆಯಾದವರ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಆಗಿಹೋದ ಮದುವೆಯ ಬಗ್ಗೆ ಕೊರಗುವುದಕ್ಕಿಂತ ಗರ್ಭಿಣಿಯಾದಾಗ ಡಾಕ್ಟರಿಗೆ ಇದನ್ನು ಮುಚ್ಚಿಡದೆ ಹೇಳುವುದು ಉಪಯೋಗ.

ಜೀನ್‌ಗಳ ಹುಡುಕಾಟ ಈಗ ಬಹಳ ಮುಂದೆ ಹೋಗಿದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಹೃದಯ ದೋಷ ಇರುವುದು ಮೊದಲೇ ಗೊತ್ತಿತ್ತು. 2013ರಲ್ಲಿ ಅಮೆರಿಕದ ಸಂಶೋಧಕರು ಗಂಭೀರ ದೋಷವಿರುವ ಮಕ್ಕಳ ಜೀನ್‌ಗಳನ್ನು ಅವರ ತಂದೆತಾಯಿಯದರೊಂದಿಗೆ ಹೋಲಿಸಿದರು. ಸುಮಾರು ಹತ್ತರಲ್ಲಿ ಒಂದು ಮಗುವಿನಲ್ಲಿ ದೋಷಕ್ಕೆ ಕಾರಣ ಹೆತ್ತವರಲ್ಲಿ ಇಲ್ಲದ, ಮಗುವಿನಲ್ಲೇ ಹೊಸದಾಗಿ ಆದ ಬದಲಾವಣೆ ಎಂದು ಅಂದಾಜಿಸಿದರು. ಯಾರ ವಂಶದ ದೋಷವೂ ಅಲ್ಲದ್ದು. 2015ರಲ್ಲಿ ಪ್ರಕಟವಾದ ಇನ್ನೊಂದು ಕೆಲಸ 80 ಸಾವಿರಕ್ಕೂ ಹೆಚ್ಚು ಇಲಿ ಭ್ರೂಣಗಳನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಿತು. ಜೀವಕೋಶದ ಮೇಲಿರುವ ಸಿಲಿಯಾ ಎಂಬ ಸೂಕ್ಷ್ಮ ಕೂದಲಿನಂಥ ಎಳೆಗಳ ಜೀನ್‌ಗಳು ಕೆಟ್ಟರೆ ಹೃದಯ ತಪ್ಪಾಗಿ ಮೂಡುತ್ತದೆ ಎಂಬುದನ್ನು ಅದು ಬಯಲು ಮಾಡಿತು.

ಮುಚ್ಚುವ ಡಕ್ಟಸ್‌ಗೆ ಬದಲಿ ದಾರಿ

1938ರಲ್ಲಿ ಬಾಸ್ಟನ್ನಿನ ರಾಬರ್ಟ್ ಗ್ರಾಸ್ ಮುಚ್ಚದೇ ಉಳಿದ ಡಕ್ಟಸನ್ನು ಕಟ್ಟಿ ಒಂದು ಹುಡುಗಿಯನ್ನು ಗುಣಪಡಿಸಿದರು. ಆ ಹೊತ್ತಿಗೆ ಬಾಲ್ಟಿಮೋರ್‌ನ ಹೆಲೆನ್ ಟೌಸಿಗ್ ಇದಕ್ಕೆ ತಲೆಕೆಳಗಾದ ಸಂಗತಿ ಕಂಡಿದ್ದರು. ನೀಲಿ ಮಕ್ಕಳು ಡಕ್ಟಸ್ ತೆರೆದಿದ್ದಾಗ ಚೆನ್ನಾಗಿರುತ್ತಾರೆ, ಮುಚ್ಚಿದಾಗ ಕುಸಿಯುತ್ತಾರೆ. ಹಾಗಾದರೆ ಒಂದು ಹೊಸ ಡಕ್ಟಸ್ ಕಟ್ಟಿಕೊಟ್ಟರೆ? ಶಸ್ತ್ರವೈದ್ಯ ಆಲ್ಫ್ರೆಡ್ ಬ್ಲಾಲಾಕ್ ಅವರ ಪ್ರಯೋಗಾಲಯದಲ್ಲಿ ವಿವಿಯನ್ ಥಾಮಸ್ ಎಂಬ ಕಪ್ಪು ಜನಾಂಗದ ತಂತ್ರಜ್ಞ ಇದ್ದರು. ವೈದ್ಯಕೀಯ ಪದವಿ ಇರಲಿಲ್ಲ. ನಾಯಿಗಳ ಮೇಲೆ ಪ್ರಯೋಗ ಮಾಡಿ ಆ ಆಪರೇಷನ್ ರೂಪಿಸಿದವರು ಅವರು. 1944ರ ನವೆಂಬರ್ 29ರಂದು ಬ್ಲಾಲಾಕ್ ಮಗುವಿಗೆ ಆಪರೇಷನ್ ಮಾಡುವಾಗ ಥಾಮಸ್ ಹಿಂದೆ ನಿಂತು ಹೆಜ್ಜೆ ಹೆಜ್ಜೆಗೂ ಹೇಳಿಕೊಟ್ಟರು. ಹಲವು ದಶಕ ಅವರ ಹೆಸರು ಆ ಆಪರೇಷನ್ ಜೊತೆ ಇರಲಿಲ್ಲ. ಈಗ ಮೂವರ ಹೆಸರನ್ನೂ ಸೇರಿಸಿ ಕರೆಯುತ್ತಾರೆ.

1953ರಲ್ಲಿ ಜಾನ್ ಗಿಬ್ಬನ್ ಹೃದಯ-ಶ್ವಾಸಕೋಶ ಯಂತ್ರ ಬಳಸಿ ಹೃದಯ ತೆರೆದು ಎಎಸ್‌ಡಿ ಮುಚ್ಚಿದರು. 1975ರಲ್ಲಿ ಬ್ರೆಜಿಲ್‌ನ ಜಟೀನೆ ಅದಲುಬದಲಾದ ನಾಳಗಳನ್ನು ಕತ್ತರಿಸಿ ಸರಿಯಾದ ಕಡೆ ಹೊಲಿದರು. ಈಗ ಎಷ್ಟೋ ರಂಧ್ರಗಳನ್ನು ಎದೆ ತೆರೆಯದೆ, ತೊಡೆಯ ನಾಳದಿಂದ ಸಣ್ಣ ಸಾಧನ ಕಳಿಸಿ ಮುಚ್ಚುತ್ತಾರೆ. ಆಯ್ದ ಕೆಲವು ದೋಷಗಳಲ್ಲಿ ಹೊಟ್ಟೆಯಲ್ಲಿರುವ ಮಗುವಿನ ಹೃದಯಕ್ಕೇ ಸೂಜಿ ತಲುಪಿಸಿ, ಬಲೂನ್ ಉಬ್ಬಿಸಿ, ಕಿರಿದಾದ ಕವಾಟ ಬಿಡಿಸುತ್ತಾರೆ. 2023ರಲ್ಲಿ ದೆಹಲಿಯ ಏಮ್ಸ್‌ನಲ್ಲಿ ಇಂಥದ್ದು ನಡೆದು ಸುದ್ದಿಯಾಗಿತ್ತು.

ಮನೆಯಲ್ಲಿ ಗಮನಿಸಬೇಕಾದ್ದು, ಹೋಗಬೇಕಾದ ಕಡೆ

ಹಾಲು ಕುಡಿಯುವಾಗ ಮಗುವಿನ ಹಣೆ ಬೆವರುತ್ತದೆಯೇ? ಎರಡು ಗುಟುಕು ಕುಡಿದು ಸುಸ್ತಾಗಿ ಬಿಟ್ಟುಬಿಡುತ್ತದೆಯೇ? ಮಲಗಿರುವಾಗಲೂ ಉಸಿರು ವೇಗವಾಗಿ, ಪಕ್ಕೆ ಒಳಕ್ಕೆ ಹೋಗುತ್ತದೆಯೇ? ನಾಲಿಗೆ, ತುಟಿ ನೀಲಿಯೇ? ತೂಕ ಏರುತ್ತಿಲ್ಲವೇ? ನಡೆದಾಡುವ ಮಗು ಆಟದ ಮಧ್ಯೆ ಪದೇ ಪದೇ ಕುಕ್ಕರಗಾಲಲ್ಲಿ ಕೂರುತ್ತದೆಯೇ? ಇವು ದೃಷ್ಟಿ ತೆಗೆದು ಕಾಯುವ ಲಕ್ಷಣಗಳಲ್ಲ. ಬರೀ ಚಳಿಗೆ ಕೈ ಕಾಲು ನೀಲಿಯಾಗುವುದು ಎಳೆ ಮಕ್ಕಳಲ್ಲಿ ಸಾಮಾನ್ಯ, ನಾಲಿಗೆ ನೀಲಿಯಾಗುವುದು ಸಾಮಾನ್ಯವಲ್ಲ.

ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆಯ ಮಕ್ಕಳ ವಿಭಾಗ, ಜಯದೇವ ಹೃದ್ರೋಗ ಸಂಸ್ಥೆಯ ಮೈಸೂರು ಆಸ್ಪತ್ರೆ, ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮಿಮ್ಸ್ ಇವೆ. ಖರ್ಚಿನ ಭಯದಿಂದ ಹಿಂದೆ ಸರಿಯಬೇಡಿ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿ, ಸರ್ಕಾರಿ ಶಾಲೆಗಳಲ್ಲಿ ತಪಾಸಣೆ ಮಾಡುತ್ತಾರೆ. ಹೃದಯ ದೋಷವೂ ಆ ಪಟ್ಟಿಯಲ್ಲಿದೆ, ಚಿಕಿತ್ಸೆಗೆ ನೆರವಿದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯೂ ಇದೆ. ಅಂಗನವಾಡಿ ಕಾರ್ಯಕರ್ತೆ ಅಥವಾ ಆಶಾ ಬಳಿ ಕೇಳಿದರೆ ದಾರಿ ತೋರಿಸುತ್ತಾರೆ. 104 ಸಹಾಯವಾಣಿಗೂ ಫೋನ್ ಮಾಡಬಹುದು.

ಆಪರೇಷನ್ ಆದ ಮಗುವಿನ ಹಲ್ಲು ಸ್ವಚ್ಛವಾಗಿರಲಿ, ಹುಳುಕು ಹಲ್ಲಿನಿಂದ ಸೋಂಕು ಹೃದಯಕ್ಕೆ ಇಳಿಯಬಹುದು. ಎಕೋ ರಿಪೋರ್ಟ್, ಡಿಸ್ಚಾರ್ಜ್ ಚೀಟಿಗಳನ್ನು ಮಗು ದೊಡ್ಡದಾದ ಮೇಲೂ ಬಿಸಾಡಬೇಡಿ. ಆ ಮಗು ಹೆಣ್ಣಾಗಿದ್ದರೆ, ಮುಂದೆ ಅವಳು ಗರ್ಭಿಣಿಯಾಗುವ ಯೋಚನೆ ಮಾಡುವಾಗ ಹೃದಯದ ಡಾಕ್ಟರ್ ಮೊದಲು ಕೇಳುವುದು ಆ ಕಾಗದಗಳನ್ನೇ. ಐದನೇ ತಿಂಗಳಲ್ಲಿ ಅವಳ ಮಗುವಿಗೂ ಫೀಟಲ್ ಎಕೋ ಬೇಕಾಗುತ್ತದೆ.